ಸಂಯುಗ್ಮಿ ಆಮ್ಲ-ಪ್ರತ್ಯಾಮ್ಲ ಜೋಡಿಗಳನ್ನು ಬಾಯಿಪಾಠ ಇಲ್ಲದೆ ಕಲಿಯುವುದು ಹೇಗೆ

ಆಮ್ಲ ಗೊತ್ತು, ಪ್ರತ್ಯಾಮ್ಲ ಗೊತ್ತು. ಅದರ ಹಿಂದೆ "ಸಂಯುಗ್ಮಿ" ಅನ್ನುವ ಪದ ಬಂದು ಸೇರಿದ ಕೂಡಲೇ ಬಹಳ ಮಂದಿಗೆ ಕೈಕಾಲು ಆಡುವುದಿಲ್ಲ. ಇಪ್ಪತ್ತು ಜೋಡಿಗಳ ಪಟ್ಟಿ ಬರೆದುಕೊಂಡು ಉರು ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಆ ಪಟ್ಟಿಯಲ್ಲಿ ಇಲ್ಲದ ಇಪ್ಪತ್ತೊಂದನೇ ಅಯಾನ್ ಬಂದರೆ ಅಲ್ಲೇ ನಿಂತುಬಿಡುತ್ತಾರೆ. ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಯಾಕೆಂದರೆ ಈ ಇಡೀ ಪಾಠದಲ್ಲಿ ನಡೆಯುವುದು ಒಂದೇ ಒಂದು ಘಟನೆ: ಒಂದು ಪ್ರೋಟಾನ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಆ ಒಂದು ಪ್ರೋಟಾನ್ ಮೇಲೆ ಕಣ್ಣಿಟ್ಟರೆ ಪಟ್ಟಿ ಬೇಕಾಗಿಯೇ ಇಲ್ಲ.

ಒಂದು ಹಾಳೆ, ಪೆನ್ನು ತೆಗೆದುಕೊಂಡು ಕೂರಿ. ನಾನು ಇಲ್ಲಿ ಹೆಚ್ಚಾಗಿ ಹೆಸರುಗಳನ್ನೇ ಬಳಸುತ್ತೇನೆ, ಅದರ ಸೂತ್ರವನ್ನು ನೀವು ಪಕ್ಕದಲ್ಲಿ ಬರೆಯುತ್ತಾ ಹೋಗಿ. ಸುಮ್ನೆ ಓದಿದರೆ ಅರ್ಥವಾದ ಹಾಗೆ ಅನ್ನಿಸುತ್ತದೆ. ಬರೆದರೆ ಮಾತ್ರ ಎಲ್ಲಿ ಎಡವುತ್ತೀರಿ ಅಂತ ಕಾಣುತ್ತದೆ.

ಮೊದಲ ಹೆಜ್ಜೆ: ಪ್ರೋಟಾನ್ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಸಾಮಾನ್ಯ ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದು ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎಲೆಕ್ಟ್ರಾನ್ ಬಿಟ್ಟುಹೋದರೆ ಉಳಿಯುವುದು ಬರೀ ಪ್ರೋಟಾನ್. ಅದನ್ನೇ ಎಚ್⁺ ಅಂತ ಬರೆಯುತ್ತೇವೆ. ಹಾಗಾಗಿ ಈ ಪಾಠದಲ್ಲಿ "ಪ್ರೋಟಾನ್", "ಹೈಡ್ರೋಜನ್ ಅಯಾನ್", "ಎಚ್ ಪ್ಲಸ್" ಮೂರೂ ಒಂದೇ.

ಒಂದು ಆಮ್ಲ ಪ್ರೋಟಾನ್ ಬಿಟ್ಟುಕೊಡುವಾಗ ಹೈಡ್ರೋಜನ್ನಿನ ಜೊತೆಗಿದ್ದ ಎಲೆಕ್ಟ್ರಾನನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಚಾರ್ಜ್ ಲೆಕ್ಕ ಹಾಕುವಾಗ ಇದೇ ಕೈ ಹಿಡಿಯುವುದು. ಇನ್ನೊಂದು ವಿಷಯ, ನೀರಿನಲ್ಲಿ ಪ್ರೋಟಾನ್ ಒಂಟಿಯಾಗಿ ಓಡಾಡುವುದಿಲ್ಲ. ಸಿಕ್ಕಿದ ನೀರಿನ ಅಣುವಿಗೆ ಅಂಟಿಕೊಂಡು ಹೈಡ್ರೋನಿಯಂ ಅಯಾನ್, ಅಂದರೆ ಎಚ್₃ಓ⁺ ಆಗುತ್ತದೆ.

ಎರಡನೇ ಹೆಜ್ಜೆ: ಹಳೇ ವ್ಯಾಖ್ಯೆಯಿಂದ ಹೊಸದಕ್ಕೆ ಬನ್ನಿ

ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಕೊಟ್ಟ ವ್ಯಾಖ್ಯೆಯನ್ನು ಎಲ್ಲರೂ ಮೊದಲು ಕಲಿತಿರುತ್ತಾರೆ. ನೀರಿನಲ್ಲಿ ಎಚ್⁺ ಕೊಟ್ಟರೆ ಆಮ್ಲ, ಓಎಚ್⁻ ಕೊಟ್ಟರೆ ಪ್ರತ್ಯಾಮ್ಲ. 1884ರ ಅವರ ಪ್ರಬಂಧದಿಂದ ಬೆಳೆದ ಈ ವಿಚಾರಕ್ಕೆ 1903ರಲ್ಲಿ ನೊಬೆಲ್ ಕೂಡ ಬಂತು. ತುಂಬಾ ಉಪಯುಕ್ತ ವ್ಯಾಖ್ಯೆ, ಆದರೆ ಅಮೋನಿಯಾ ಮುಂದೆ ಬಂದರೆ ತಡವರಿಸುತ್ತದೆ. ಅಮೋನಿಯಾ ಅಂದರೆ ಎನ್‌ಎಚ್₃. ಅದರೊಳಗೆ ಓಎಚ್ ಇಲ್ಲವೇ ಇಲ್ಲ. ಆದರೂ ಅದು ಪ್ರತ್ಯಾಮ್ಲ!

ಪ್ರಯೋಗಾಲಯದಲ್ಲಿ ಫ್ಯೂಮ್ ಹುಡ್, ಅಂದರೆ ಹೊಗೆ ಎಳೆದುಕೊಳ್ಳುವ ಗೂಡಿನ ಒಳಗೆ ಮಾಡಿ ತೋರಿಸುವ ಒಂದು ಪ್ರಯೋಗ ಇದೆ. ಒಂದು ಸೀಸೆಯಲ್ಲಿ ಗಾಢ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದರಲ್ಲಿ ಗಾಢ ಅಮೋನಿಯಾ ದ್ರಾವಣ. ಎರಡರ ಮುಚ್ಚಳ ತೆಗೆದು ಬಾಯಿಗಳನ್ನು ಹತ್ತಿರ ತರುತ್ತಾರೆ. ದ್ರವಗಳು ಒಂದಕ್ಕೊಂದು ತಾಗುವುದೇ ಇಲ್ಲ. ಆದರೂ ನಡುವಿನ ಖಾಲಿ ಗಾಳಿಯಲ್ಲಿ ದಟ್ಟ ಬಿಳಿ ಹೊಗೆ ಏಳುತ್ತದೆ, ನಿಧಾನಕ್ಕೆ ಸುರುಳಿ ಸುತ್ತಿ ಕೆಳಗಿಳಿಯುತ್ತದೆ, ಸೀಸೆಯ ಕತ್ತಿನ ಮೇಲೆ ತೆಳುವಾಗಿ ಬಿಳಿ ಪುಡಿ ಕೂರುತ್ತದೆ. ಆ ಪುಡಿ ಅಮೋನಿಯಂ ಕ್ಲೋರೈಡ್. ಸೇರಿದ್ದು ಎರಡು ಅನಿಲಗಳು, ಓಎಚ್⁻ ಎಲ್ಲೂ ಕಾಣಿಸಿಕೊಳ್ಳಲೇ ಇಲ್ಲ. ನಡೆದದ್ದು ಇಷ್ಟೇ: ಹೈಡ್ರೋಜನ್ ಕ್ಲೋರೈಡ್ ತನ್ನ ಪ್ರೋಟಾನನ್ನು ಅಮೋನಿಯಾಗೆ ದಾಟಿಸಿತು.

1923ರಲ್ಲಿ ಕೋಪನ್‌ಹೇಗನ್‌ನ ಯೋಹಾನೆಸ್ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಥಾಮಸ್ ಲೌರಿ ಬೇರೆ ಬೇರೆಯಾಗಿಯೇ ಇದನ್ನು ಹಿಡಿದರು. ಪ್ರೋಟಾನ್ ಕೊಡುವುದು ಆಮ್ಲ, ಪ್ರೋಟಾನ್ ತೆಗೆದುಕೊಳ್ಳುವುದು ಪ್ರತ್ಯಾಮ್ಲ. ನೀರು ಬೇಕೇ ಬೇಕು ಅಂತೇನಿಲ್ಲ, ಓಎಚ್ ಕೂಡ ಬೇಕಾಗಿಲ್ಲ.

ಈಗ ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಪ್ರೋಟಾನ್ ಕೊಟ್ಟಾದ ಮೇಲೆ ಆ ಆಮ್ಲ ಏನಾಯಿತು? ಅದರಲ್ಲಿ ಈಗ ಒಂದು ಪ್ರೋಟಾನಿಗೆ ಜಾಗ ಖಾಲಿ ಇದೆ, ಬಂದರೆ ವಾಪಸ್ ತೆಗೆದುಕೊಳ್ಳಬಹುದು. ತೆಗೆದುಕೊಳ್ಳುವುದು ಪ್ರತ್ಯಾಮ್ಲದ ಕೆಲಸ ಅಲ್ವಾ? ಹಾಗಾಗಿ ಉಳಿದದ್ದನ್ನು ಆ ಆಮ್ಲದ ಸಂಯುಗ್ಮಿ ಪ್ರತ್ಯಾಮ್ಲ ಅನ್ನುತ್ತೇವೆ. ಅದೇ ರೀತಿ ಪ್ರೋಟಾನ್ ಪಡೆದ ಪ್ರತ್ಯಾಮ್ಲದ ಹತ್ತಿರ ಈಗ ಕೊಡುವುದಕ್ಕೆ ಒಂದು ಪ್ರೋಟಾನ್ ಇದೆ. ಅದು ಸಂಯುಗ್ಮಿ ಆಮ್ಲ.

ಯುಗ್ಮ ಅಂದರೆ ಜೋಡಿ. ಇಂಗ್ಲಿಷಿನ ಕಾಂಜುಗೇಟ್ ಪದದೊಳಗೆ ನೊಗ ಅನ್ನುವ ಅರ್ಥದ ಲ್ಯಾಟಿನ್ ಪದ ಅಡಗಿದೆ, ನಮ್ಮ ಯುಗ್ಮವೂ ಅದೇ ಮೂಲದ್ದು. ಒಂದೇ ನೊಗಕ್ಕೆ ಕಟ್ಟಿದ ಎರಡು. ಅವೆರಡರ ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಪ್ರೋಟಾನ್, ಎರಡಲ್ಲ, ಬೇರೆ ಏನೂ ಅಲ್ಲ.

ಮೂರನೇ ಹೆಜ್ಜೆ: ಜೋಡಿ ಬರೆಯುವ ಕೈಚಳಕ

ಸಂಯುಗ್ಮಿ ಪ್ರತ್ಯಾಮ್ಲ ಬೇಕಾ? ಒಂದು ಎಚ್ ತೆಗೆಯಿರಿ, ಚಾರ್ಜನ್ನು 1 ಕಡಿಮೆ ಮಾಡಿ.
ಸಂಯುಗ್ಮಿ ಆಮ್ಲ ಬೇಕಾ? ಒಂದು ಎಚ್ ಸೇರಿಸಿ, ಚಾರ್ಜನ್ನು 1 ಜಾಸ್ತಿ ಮಾಡಿ.

ಎರಡೂ ಕೆಲಸ ಒಟ್ಟಿಗೇ ಆಗಬೇಕು. ಎಚ್ ತೆಗೆದು ಚಾರ್ಜ್ ಮರೆಯುವುದೇ ಇಡೀ ಪಾಠದಲ್ಲಿ ಅತಿ ಸಾಮಾನ್ಯವಾದ ತಪ್ಪು. ಚಾರ್ಜ್ ಯಾಕೆ ಬದಲಾಗುತ್ತದೆ ಅಂತ ಈಗ ಗೊತ್ತಲ್ಲ, ಹೋಗಿದ್ದು ಪ್ಲಸ್ ಚಾರ್ಜಿನ ಪ್ರೋಟಾನ್, ಎಲೆಕ್ಟ್ರಾನ್ ಹಿಂದೆ ಉಳಿಯಿತು.

ಕೆಲವನ್ನು ಮಾಡಿ ನೋಡೋಣ. ನೈಟ್ರಿಕ್ ಆಮ್ಲ, ಎಚ್‌ಎನ್‌ಓ₃. ಎಚ್ ತೆಗೆದರೆ ಎನ್‌ಓ₃, ಚಾರ್ಜ್ ಸೊನ್ನೆಯಿಂದ ಮೈನಸ್ 1. ನೈಟ್ರೇಟ್ ಸಿಕ್ಕಿತು. ಅಮೋನಿಯಂ ಅಯಾನ್, ಎನ್‌ಎಚ್₄⁺. ಒಂದು ಎಚ್ ತೆಗೆದರೆ ಎನ್‌ಎಚ್₃, ಚಾರ್ಜ್ ಪ್ಲಸ್ 1ರಿಂದ ಸೊನ್ನೆ. ಅಮೋನಿಯಾ. ಇಲ್ಲಿ ಪ್ರತ್ಯಾಮ್ಲಕ್ಕೆ ಮೈನಸ್ ಚಾರ್ಜ್ ಇಲ್ಲ ಅನ್ನುವುದನ್ನು ಗಮನಿಸಿ. "ಆಮ್ಲಕ್ಕೆ ಚಾರ್ಜ್ ಇರಲ್ಲ, ಸಂಯುಗ್ಮಿ ಪ್ರತ್ಯಾಮ್ಲಕ್ಕೆ ಯಾವಾಗಲೂ ಮೈನಸ್ ಇರುತ್ತೆ" ಅಂತ ಕೆಲವರು ತಾವೇ ಒಂದು ನಿಯಮ ಮಾಡಿಕೊಂಡಿರುತ್ತಾರೆ. ಅದನ್ನು ಬಿಟ್ಟುಬಿಡಿ, ಚಾರ್ಜ್ 1 ಇಳಿಯುತ್ತದೆ ಅನ್ನುವುದಷ್ಟೇ ನಿಜ, ಎಲ್ಲಿಂದ ಇಳಿಯುತ್ತದೆ ಅನ್ನುವುದು ಆಯಾ ಆಮ್ಲಕ್ಕೆ ಬಿಟ್ಟದ್ದು.

ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಮ್ಲದಲ್ಲಿ ಎರಡು ಎಚ್ ಇವೆ. ಅದರ ಸಂಯುಗ್ಮಿ ಪ್ರತ್ಯಾಮ್ಲ ಯಾವುದು? ತಕ್ಷಣ "ಸಲ್ಫೇಟ್" ಅಂತ ಬಾಯಿಗೆ ಬರುತ್ತದೆ. ತಪ್ಪು. ಒಂದೇ ಪ್ರೋಟಾನ್ ಹೋಗಬೇಕು, ಹಾಗಾಗಿ ಉತ್ತರ ಹೈಡ್ರೋಜನ್ ಸಲ್ಫೇಟ್, ಎಚ್‌ಎಸ್‌ಓ₄⁻. ಸಲ್ಫೇಟ್ ಅನ್ನುವುದು ಹೈಡ್ರೋಜನ್ ಸಲ್ಫೇಟಿನ ಜೋಡಿ. ಇದೇ ಕಾರಣಕ್ಕೆ ಹೈಡ್ರೋನಿಯಂ ಮತ್ತು ಹೈಡ್ರಾಕ್ಸೈಡ್ ಸಂಯುಗ್ಮಿ ಜೋಡಿ ಆಗುವುದಿಲ್ಲ. ಅವುಗಳ ನಡುವೆ ಎರಡು ಪ್ರೋಟಾನುಗಳ ಅಂತರ ಇದೆ, ನಡುವೆ ನೀರು ಕೂತಿದೆ.

ಇನ್ನು ಅಸಿಟಿಕ್ ಆಮ್ಲ. ಅದರಲ್ಲಿ ನಾಲ್ಕು ಎಚ್ ಇವೆ, ಯಾವುದನ್ನು ತೆಗೆಯಬೇಕು? ಮೂರು ಕಾರ್ಬನ್ನಿಗೆ ಅಂಟಿವೆ, ಒಂದು ಆಕ್ಸಿಜನ್ನಿಗೆ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಜೋರಾಗಿ ಎಳೆಯುತ್ತದೆ, ಹಾಗಾಗಿ ಅದಕ್ಕೆ ಅಂಟಿದ ಹೈಡ್ರೋಜನ್ ಪ್ರೋಟಾನಾಗಿ ಕಳಚಿಕೊಳ್ಳುವುದು ಸುಲಭ. ಸೂತ್ರದ ಕೊನೆಯಲ್ಲಿರುವ ಆ ಒಂದು ಎಚ್ ಮಾತ್ರ ಹೋಗುತ್ತದೆ, ಅಸಿಟೇಟ್ ಉಳಿಯುತ್ತದೆ.

ಪ್ರೋಟಾನ್ ಸೇರಿಸುವಾಗಲೂ ಒಂದು ಶರತ್ತು ಇದೆ. ಬರುವ ಪ್ರೋಟಾನಿನ ಹತ್ತಿರ ಎಲೆಕ್ಟ್ರಾನ್ ಇಲ್ಲ, ಹಾಗಾಗಿ ಬಂಧಕ್ಕೆ ಬೇಕಾದ ಎರಡೂ ಎಲೆಕ್ಟ್ರಾನುಗಳನ್ನು ಪ್ರತ್ಯಾಮ್ಲವೇ ಕೊಡಬೇಕು. ಅಮೋನಿಯಾದ ನೈಟ್ರೋಜನ್ ಮೇಲೆ ಬಂಧದಲ್ಲಿ ಸೇರದ ಒಂದು ಎಲೆಕ್ಟ್ರಾನ್ ಜೋಡಿ (ಇದಕ್ಕೆ ಒಂಟಿ ಜೋಡಿ ಅನ್ನುತ್ತಾರೆ) ಸುಮ್ನೆ ಕೂತಿದೆ. ಪ್ರೋಟಾನ್ ಬಂದು ಕೂರುವುದು ಅಲ್ಲೇ. ಮೀಥೇನಿನಲ್ಲಿ ಅಂಥ ಜೋಡಿ ಇಲ್ಲ, ಅದಕ್ಕೇ ಮೀಥೇನ್ ಪ್ರತ್ಯಾಮ್ಲದ ಹಾಗೆ ವರ್ತಿಸುವುದಿಲ್ಲ.

ನಾಲ್ಕನೇ ಹೆಜ್ಜೆ: ಪೂರ್ತಿ ಸಮೀಕರಣದಲ್ಲಿ ಎರಡು ಜೋಡಿ ಗುರುತಿಸಿ

ಪ್ರೋಟಾನ್ ಕೊಡುವವರು ಇದ್ದರೆ ತೆಗೆದುಕೊಳ್ಳುವವರೂ ಇರಲೇಬೇಕು. ಹಾಗಾಗಿ ಪ್ರತಿ ಸಮೀಕರಣದಲ್ಲೂ ಎರಡು ಜೋಡಿ. ಕೆಳಗೆ ಬರುವ ⇌ ಗುರುತು ಅಂದರೆ ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ ಅಂತ.

ಹೈಡ್ರೋಫ್ಲೂರಿಕ್ ಆಮ್ಲ + ನೀರು ⇌ ಫ್ಲೂರೈಡ್ + ಹೈಡ್ರೋನಿಯಂ

ಎಡಗಡೆಯ ಒಂದೊಂದನ್ನೂ ಹಿಡಿದು, ಬಲಗಡೆಯಲ್ಲಿ ಅದರ ಹೋಲಿಕೆ ಯಾರಿಗಿದೆ ಅಂತ ಹುಡುಕಿ. ಫ್ಲೋರಿನ್ ಇರುವುದು ಎಡಕ್ಕೊಂದು, ಬಲಕ್ಕೊಂದು. ಅದು ಒಂದು ಜೋಡಿ. ಉಳಿದದ್ದು ನೀರು ಮತ್ತು ಹೈಡ್ರೋನಿಯಂ, ಇನ್ನೊಂದು ಜೋಡಿ. ಪ್ರತಿ ಜೋಡಿಯಲ್ಲೂ ಎಚ್ ಜಾಸ್ತಿ ಇರುವುದು ಆಮ್ಲ, ಕಡಿಮೆ ಇರುವುದು ಪ್ರತ್ಯಾಮ್ಲ. ಒಂದು ಬಾಣ ಹಾಕಿ ಸೇರಿಸಿ. ಜೋಡಿಯ ಎರಡೂ ಕಡೆಯವರು ಸಮೀಕರಣದ ಒಂದೇ ಬದಿಯಲ್ಲಿ ಬಂದರೆ ಎಲ್ಲೋ ತಪ್ಪಿದೆ ಅಂತ ಅರ್ಥ, ಜೋಡಿ ಯಾವಾಗಲೂ ಬಾಣದ ಆಚೆ ಒಬ್ಬರು, ಈಚೆ ಒಬ್ಬರು.

ಈಗ ಇನ್ನೊಂದು:

ಅಮೋನಿಯಾ + ನೀರು ⇌ ಅಮೋನಿಯಂ + ಹೈಡ್ರಾಕ್ಸೈಡ್

ಮೊದಲನೆಯದರಲ್ಲಿ ನೀರು ಪ್ರೋಟಾನ್ ತೆಗೆದುಕೊಂಡಿತು. ಇಲ್ಲಿ ಕೊಟ್ಟಿತು. ಅದೇ ನೀರು! ಆಮ್ಲ, ಪ್ರತ್ಯಾಮ್ಲ ಅನ್ನುವುದು ಒಂದು ವಸ್ತುವಿನ ಹಣೆಬರಹ ಅಂದುಕೊಂಡರೆ ಇದು ಗೊಂದಲ, ಆ ಹೊತ್ತಿಗೆ ಅದು ವಹಿಸಿದ ಪಾತ್ರ ಅಂದುಕೊಂಡರೆ ಸಲೀಸು. ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೆ ಪಾತ್ರ ಬದಲಾಗುತ್ತದೆ. ಹೀಗೆ ಎರಡೂ ಕಡೆ ಆಡಬಲ್ಲವು ಬೇರೆಯವೂ ಇವೆ: ಬೈಕಾರ್ಬನೇಟ್, ಹೈಡ್ರೋಜನ್ ಸಲ್ಫೇಟ್, ಡೈಹೈಡ್ರೋಜನ್ ಫಾಸ್ಫೇಟ್. ಬೈಕಾರ್ಬನೇಟಿಗೆ ಎಚ್ ಸೇರಿಸಿದರೆ ಕಾರ್ಬಾನಿಕ್ ಆಮ್ಲ, ತೆಗೆದರೆ ಕಾರ್ಬನೇಟ್. ಅದಕ್ಕೆ ಎರಡು ಜೋಡಿಗಳಲ್ಲಿ ಸಂಬಂಧ ಇದೆ, ಒಂದರಲ್ಲಿ ಪ್ರತ್ಯಾಮ್ಲ, ಇನ್ನೊಂದರಲ್ಲಿ ಆಮ್ಲ.

ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಸಮೀಕರಣದಲ್ಲಿ ಇದ್ದರೆ ಅವನ್ನು ಪಕ್ಕಕ್ಕಿಡಿ. ಅವು ಪ್ರೋಟಾನ್ ಆಟದಲ್ಲಿ ಸೇರುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ನಿಜವಾದ ಪ್ರತ್ಯಾಮ್ಲ ಒಳಗಿರುವ ಹೈಡ್ರಾಕ್ಸೈಡ್ ಅಯಾನ್.

ಐದನೇ ಹೆಜ್ಜೆ: ಬಲ ಎಷ್ಟು? ಇಲ್ಲಿ ನಿಧಾನಕ್ಕೆ ಓದಿ

ಜೋಡಿ ಬರೆಯುವುದು ಹತ್ತು ನಿಮಿಷದ ಕೆಲಸ. ಬಲದ ವಿಷಯಕ್ಕೆ ಬಂದಾಗ ಮಾತ್ರ ಚೆನ್ನಾಗಿ ಓದುವವರೂ ತಪ್ಪು ಮಾಡುತ್ತಾರೆ, ಯಾಕೆಂದರೆ ಎಲ್ಲ ಕಡೆ ಒಂದು ಅರ್ಧ ಸತ್ಯ ಓಡಾಡುತ್ತಿದೆ.

ಆ ಅರ್ಧ ಸತ್ಯ ಹೀಗಿದೆ: "ಪ್ರಬಲ ಆಮ್ಲದ ಸಂಯುಗ್ಮಿ ಪ್ರತ್ಯಾಮ್ಲ ದುರ್ಬಲ, ದುರ್ಬಲ ಆಮ್ಲದ ಸಂಯುಗ್ಮಿ ಪ್ರತ್ಯಾಮ್ಲ ಪ್ರಬಲ." ಮೊದಲ ಭಾಗ ಸರಿ. ಎರಡನೇ ಭಾಗವನ್ನು ಹಾಗೇ ನಂಬಿದರೆ ಅಸಿಟೇಟ್ ಒಂದು ಪ್ರಬಲ ಪ್ರತ್ಯಾಮ್ಲ ಆಗಬೇಕು, ಸೋಡಿಯಂ ಹೈಡ್ರಾಕ್ಸೈಡಿನ ಹಾಗೆ ಚರ್ಮ ಸುಡಬೇಕು. ಆಗುವುದಿಲ್ಲ. ಸಂಖ್ಯೆ ಹಾಕಿ ನೋಡೋಣ.

ಆಮ್ಲದ ಬಲವನ್ನು ಕೆಎ ಅನ್ನುವ ಸ್ಥಿರಾಂಕದಿಂದ ಅಳೆಯುತ್ತಾರೆ. ಆ ಸಂಖ್ಯೆಗಳು ತೀರಾ ಸಣ್ಣವು, ಹಾಗಾಗಿ ಲಾಗರಿದಮ್ ತೆಗೆದು ಮೈನಸ್ ಹಾಕಿ ಪಿಕೆಎ ಅನ್ನುತ್ತಾರೆ. ಪಿಕೆಎ ಕಡಿಮೆ ಇದ್ದಷ್ಟೂ ಆಮ್ಲ ಬಲವಾದದ್ದು, ಒಂದು ಅಂಕಿ ಇಳಿದರೆ ಬಲ 10 ಪಟ್ಟು. ಪ್ರತ್ಯಾಮ್ಲಕ್ಕೆ ಇದೇ ರೀತಿ ಪಿಕೆಬಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನಲ್ಲಿರುವ ಯಾವುದೇ ಸಂಯುಗ್ಮಿ ಜೋಡಿಗೂ

ಪಿಕೆಎ + ಪಿಕೆಬಿ = 14

ಇದು ತಕ್ಕಡಿ ಇದ್ದ ಹಾಗೆ. ಒಂದು ತಟ್ಟೆ ಮೇಲೆ ಹೋದಷ್ಟು ಇನ್ನೊಂದು ಕೆಳಗೆ. ಅಸಿಟಿಕ್ ಆಮ್ಲದ ಪಿಕೆಎ 4.76. ಹಾಗಾದರೆ ಅಸಿಟೇಟಿನ ಪಿಕೆಬಿ 9.24. ಅಮೋನಿಯಾದ ಪಿಕೆಬಿ 4.75. ಅಂದರೆ ಅಸಿಟೇಟ್ ಅಮೋನಿಯಾಗಿಂತ ಸುಮಾರು 30,000 ಪಟ್ಟು ದುರ್ಬಲ ಪ್ರತ್ಯಾಮ್ಲ, ಅಮೋನಿಯಾವನ್ನೇ ನಾವು ದುರ್ಬಲ ಅನ್ನುತ್ತೇವೆ!

ಇನ್ನೂ ಹತ್ತಿರದಿಂದ ನೋಡಿ. ಲೀಟರಿಗೆ 0.1 ಮೋಲ್ ಅಸಿಟಿಕ್ ಆಮ್ಲ ಇರುವ ದ್ರಾವಣದಲ್ಲಿ 100 ಅಣುಗಳಲ್ಲಿ ಸುಮಾರು 1 ಮಾತ್ರ ಪ್ರೋಟಾನ್ ಬಿಟ್ಟಿರುತ್ತದೆ. ಅಷ್ಟೇ ಸಾಂದ್ರತೆಯ ಸೋಡಿಯಂ ಅಸಿಟೇಟ್ ದ್ರಾವಣದಲ್ಲಿ 1 ಲಕ್ಷ ಅಸಿಟೇಟ್ ಅಯಾನುಗಳಲ್ಲಿ 7 ಅಥವಾ 8 ಮಾತ್ರ ನೀರಿನಿಂದ ಪ್ರೋಟಾನ್ ಕಿತ್ತುಕೊಂಡಿರುತ್ತವೆ. ಆಮ್ಲವೂ ದುರ್ಬಲ, ಅದರ ಜೋಡಿಯೂ ದುರ್ಬಲ. 14ನ್ನು ಇಬ್ಬರಿಗೆ ಹಂಚಿದಾಗ ಇಬ್ಬರಿಗೂ ನಡುವಿನ ಸಂಖ್ಯೆ ಬಂದರೆ ಇಬ್ಬರೂ ದುರ್ಬಲರೇ.

ಹಾಗಾಗಿ ಸರಿಯಾದ ಮಾತು ಇದು: ಆಮ್ಲ ಬಲವಾದಷ್ಟೂ ಅದರ ಸಂಯುಗ್ಮಿ ಪ್ರತ್ಯಾಮ್ಲ ಹೋಲಿಕೆಯಲ್ಲಿ ದುರ್ಬಲ ಆಗುತ್ತಾ ಹೋಗುತ್ತದೆ. "ಹೋಲಿಕೆಯಲ್ಲಿ" ಅನ್ನುವ ಪದ ಬಿಡಬೇಡಿ. ಪ್ರಬಲ ಆಮ್ಲದ ಜೋಡಿ, ಉದಾಹರಣೆಗೆ ಕ್ಲೋರೈಡ್, ನೀರಿನಲ್ಲಿ ಪ್ರತ್ಯಾಮ್ಲವಾಗಿ ಏನೂ ಮಾಡುವುದೇ ಇಲ್ಲ. ದುರ್ಬಲ ಆಮ್ಲದ ಜೋಡಿ ಸಾಮಾನ್ಯವಾಗಿ ದುರ್ಬಲ ಪ್ರತ್ಯಾಮ್ಲ. ಅಮೋನಿಯಾ, ಈಥೆನಾಲ್ ಥರ ನೀರಿನಲ್ಲಿ ಆಮ್ಲ ಅಂತ ಅನ್ನಿಸಿಕೊಳ್ಳದಷ್ಟು ದುರ್ಬಲವಾದವುಗಳ ಜೋಡಿ ಮಾತ್ರ ನಿಜಕ್ಕೂ ಪ್ರಬಲ ಪ್ರತ್ಯಾಮ್ಲ.

ಬಲ ಎಲ್ಲಿಂದ ಬರುತ್ತದೆ ಅಂತ ನೋಡಲು ಅಸಿಟಿಕ್ ಆಮ್ಲ ಮತ್ತು ಈಥೆನಾಲ್ ಪಕ್ಕಪಕ್ಕ ಇಡಿ. ಎರಡರಲ್ಲೂ ಪ್ರೋಟಾನ್ ಬಿಡುವುದು ಆಕ್ಸಿಜನ್ನೇ. ಆದರೆ ಈಥೆನಾಲಿನ ಪಿಕೆಎ ಸುಮಾರು 16, ಅಂದರೆ ಅದು ಸಾವಿರ ಕೋಟಿ ಪಟ್ಟಿಗಿಂತಲೂ ಜಾಸ್ತಿ ದುರ್ಬಲ. ಪ್ರೋಟಾನ್ ಹೋದ ಮೇಲೆ ಉಳಿದದ್ದನ್ನು ಗಮನಿಸಿ. ಈಥಾಕ್ಸೈಡಿನಲ್ಲಿ ಮೈನಸ್ ಚಾರ್ಜ್ ಪೂರ್ತಿ ಒಂದೇ ಆಕ್ಸಿಜನ್ ತಲೆ ಮೇಲೆ. ಅಸಿಟೇಟಿನಲ್ಲಿ ಎರಡು ಆಕ್ಸಿಜನ್ ಸೇರಿ ಆ ಹೊರೆಯನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಹೊರೆ ಹಂಚಿಹೋದ ಅಯಾನ್ ಆರಾಮಾಗಿರುತ್ತದೆ, ಪ್ರೋಟಾನ್ ವಾಪಸ್ ಬೇಕು ಅಂತ ಹಾತೊರೆಯುವುದಿಲ್ಲ. ಒಂದು ಆಮ್ಲ ಎಷ್ಟು ಬಲವಾದದ್ದು ಅಂತ ತಿಳಿಯಬೇಕಾದರೆ ಅದರ ಸಂಯುಗ್ಮಿ ಪ್ರತ್ಯಾಮ್ಲ ಎಷ್ಟು ಸ್ಥಿರವಾಗಿದೆ ಅಂತ ನೋಡಿ. ನನ್ನ ಮಟ್ಟಿಗೆ ಈ ಪಾಠದ ಅತಿ ಚಂದದ ಭಾಗ ಇದೇ, ಮುಂದೆ ಸಾವಯವ ರಸಾಯನಶಾಸ್ತ್ರಕ್ಕೆ ಹೋದರೆ ದಿನಾ ಕೆಲಸಕ್ಕೆ ಬರುತ್ತದೆ.

ಆರನೇ ಹೆಜ್ಜೆ: ಏಣಿ ಇಟ್ಟುಕೊಂಡು ದಿಕ್ಕು ಹೇಳಿ

ಕೆಳಗಿನ ಸಾಲುಗಳನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಎಡಕ್ಕೆ ಆಮ್ಲ, ಬಾಣದ ಮುಂದೆ ಅದರ ಸಂಯುಗ್ಮಿ ಪ್ರತ್ಯಾಮ್ಲ, ಕೊನೆಗೆ ಪಿಕೆಎ.

ಹೈಡ್ರೋಕ್ಲೋರಿಕ್ ಆಮ್ಲ → ಕ್ಲೋರೈಡ್, ಸೊನ್ನೆಗಿಂತ ಬಹಳ ಕೆಳಗೆ
ಫಾಸ್ಫರಿಕ್ ಆಮ್ಲ → ಡೈಹೈಡ್ರೋಜನ್ ಫಾಸ್ಫೇಟ್, 2.15
ಹೈಡ್ರೋಫ್ಲೂರಿಕ್ ಆಮ್ಲ → ಫ್ಲೂರೈಡ್, 3.17
ಅಸಿಟಿಕ್ ಆಮ್ಲ → ಅಸಿಟೇಟ್, 4.76
ಕಾರ್ಬಾನಿಕ್ ಆಮ್ಲ → ಬೈಕಾರ್ಬನೇಟ್, 6.35
ಹೈಡ್ರೋಸಯಾನಿಕ್ ಆಮ್ಲ → ಸಯನೈಡ್, 9.21
ಅಮೋನಿಯಂ → ಅಮೋನಿಯಾ, 9.25
ಬೈಕಾರ್ಬನೇಟ್ → ಕಾರ್ಬನೇಟ್, 10.33
ನೀರು → ಹೈಡ್ರಾಕ್ಸೈಡ್, 14

ನೀರಿಗೆ ಕೆಲವು ಪುಸ್ತಕಗಳಲ್ಲಿ 15.7 ಅಂತ ಇರುತ್ತದೆ. ಅದು ನೀರಿನ ಸಾಂದ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಂದ ಸಂಖ್ಯೆ, ಗಾಬರಿ ಬೇಡ. ಇಲ್ಲಿ 14 ಇಟ್ಟುಕೊಂಡರೆ ಲೆಕ್ಕ ಸರಾಗ.

ಮೇಲಿನಿಂದ ಕೆಳಕ್ಕೆ ಬಂದ ಹಾಗೆ ಆಮ್ಲಗಳು ದುರ್ಬಲ ಆಗುತ್ತವೆ, ಅವುಗಳ ಜೋಡಿಗಳು ಬಲವಾಗುತ್ತವೆ. ದಿಕ್ಕು ಹೇಳುವುದು ಹೇಗೆ ಅಂದರೆ, ಸಮೀಕರಣದ ಎರಡೂ ಬದಿಯಲ್ಲಿರುವ ಆಮ್ಲಗಳನ್ನು ಹುಡುಕಿ, ಪಿಕೆಎ ಹೋಲಿಸಿ. ಸಮತೋಲನ (ಎರಡೂ ದಿಕ್ಕಿನ ಕ್ರಿಯೆ ಒಂದೇ ವೇಗಕ್ಕೆ ಬಂದು ನಿಂತ ಸ್ಥಿತಿ) ಯಾವಾಗಲೂ ದುರ್ಬಲ ಆಮ್ಲ ಇರುವ ಬದಿಗೆ, ಅಂದರೆ ಪಿಕೆಎ ಜಾಸ್ತಿ ಇರುವ ಬದಿಗೆ ವಾಲುತ್ತದೆ. ಬಲವಾದ ಆಮ್ಲ ಪ್ರೋಟಾನ್ ತಳ್ಳುತ್ತದೆ, ಬಲವಾದ ಪ್ರತ್ಯಾಮ್ಲ ಎಳೆದುಕೊಳ್ಳುತ್ತದೆ. ಇಬ್ಬರೂ ಒಂದೇ ಬದಿಯಲ್ಲಿ ಇರುತ್ತಾರೆ, ಹಾಗಾಗಿ ಆ ಬದಿ ಖಾಲಿಯಾಗುತ್ತದೆ.

ಅಸಿಟಿಕ್ ಆಮ್ಲ + ಅಮೋನಿಯಾ ⇌ ಅಸಿಟೇಟ್ + ಅಮೋನಿಯಂ

ಎಡಗಡೆ ಆಮ್ಲ 4.76, ಬಲಗಡೆ ಆಮ್ಲ ಅಮೋನಿಯಂ 9.25. ವ್ಯತ್ಯಾಸ 4.49. ಬಲಕ್ಕೆ ಎಷ್ಟು ವಾಲಿದೆ ಅಂತ ಹೇಳುವ ಸಮತೋಲನ ಸ್ಥಿರಾಂಕ 10ರ ಘಾತ 4.49, ಅಂದರೆ ಸುಮಾರು 31,000. ಬಹುತೇಕ ಪೂರ್ತಿ ಬಲಕ್ಕೆ.

ಈಗ ತಿರುಗಿಸಿ:

ಹೈಡ್ರೋಸಯಾನಿಕ್ ಆಮ್ಲ + ಫ್ಲೂರೈಡ್ ⇌ ಸಯನೈಡ್ + ಹೈಡ್ರೋಫ್ಲೂರಿಕ್ ಆಮ್ಲ

ಎಡಕ್ಕೆ 9.21, ಬಲಕ್ಕೆ 3.17. ಬಲಗಡೆಯ ಆಮ್ಲವೇ ಜಾಸ್ತಿ ಬಲವಾದದ್ದು. ಸ್ಥಿರಾಂಕ ಹತ್ತಿರ ಹತ್ತಿರ 10 ಲಕ್ಷದಲ್ಲಿ 1. ಕಾಗದದ ಮೇಲೆ ಚಂದ ಕಾಣುವ ಈ ಸಮೀಕರಣ ಮುಂದಕ್ಕೆ ಹೆಚ್ಚುಕಮ್ಮಿ ಹೋಗುವುದೇ ಇಲ್ಲ.

ಏಣಿಯ ಮೇಲ್ತುದಿಯಲ್ಲಿ ಒಂದು ವಿಚಿತ್ರ ಇದೆ. ಹೈಡ್ರೋಕ್ಲೋರಿಕ್, ನೈಟ್ರಿಕ್, ಪರ್ಕ್ಲೋರಿಕ್, ಈ ಮೂರನ್ನೂ ನೀರಿಗೆ ಹಾಕಿದರೆ ಮೂರೂ ಸಮಬಲ ಅನ್ನಿಸುತ್ತವೆ. ಕಾರಣ, ಮೂರೂ ತಮ್ಮ ಪ್ರೋಟಾನನ್ನು ಹೆಚ್ಚುಕಮ್ಮಿ ಪೂರ್ತಿ ನೀರಿಗೆ ಕೊಟ್ಟು ಮುಗಿಸಿರುತ್ತವೆ. ದ್ರಾವಣದಲ್ಲಿ ಆಮ್ಲವಾಗಿ ಉಳಿಯುವುದು ಹೈಡ್ರೋನಿಯಂ ಒಂದೇ. ಅವುಗಳ ನಡುವಿನ ವ್ಯತ್ಯಾಸ ನೋಡಬೇಕಾದರೆ ಪ್ರೋಟಾನ್ ಅಷ್ಟು ಸುಲಭಕ್ಕೆ ತೆಗೆದುಕೊಳ್ಳದ ಬೇರೆ ದ್ರಾವಕ ಬೇಕು.

ಏಳನೇ ಹೆಜ್ಜೆ: ಲವಣದ ದ್ರಾವಣ ಆಮ್ಲೀಯವೋ, ಪ್ರತ್ಯಾಮ್ಲೀಯವೋ?

ಜೋಡಿಗಳು ತಿಳಿದರೆ ಇದು ತಾನಾಗಿಯೇ ಬರುತ್ತದೆ. ಲವಣವನ್ನು ಎರಡು ಅಯಾನ್ ಮಾಡಿ, ಒಂದೊಂದೂ ಯಾರ ಜೋಡಿ ಅಂತ ಕೇಳಿ. ಸೋಡಿಯಂ ಕ್ಲೋರೈಡಿನಲ್ಲಿ ಸೋಡಿಯಂ ಆಟಕ್ಕಿಲ್ಲ, ಕ್ಲೋರೈಡ್ ಪ್ರಬಲ ಆಮ್ಲದ ಜೋಡಿ, ಅದಕ್ಕೂ ಪ್ರೋಟಾನ್ ಬೇಡ. ದ್ರಾವಣ ತಟಸ್ಥ, ಅಂದರೆ ಪಿಎಚ್ 7 (ಅದಕ್ಕಿಂತ ಕೆಳಗೆ ಆಮ್ಲೀಯ, ಮೇಲೆ ಪ್ರತ್ಯಾಮ್ಲೀಯ). ಸೋಡಿಯಂ ಅಸಿಟೇಟಿನಲ್ಲಿ ಅಸಿಟೇಟ್ ನೀರಿನಿಂದ ಸ್ವಲ್ಪ ಪ್ರೋಟಾನ್ ಎಳೆಯುತ್ತದೆ, ಹೈಡ್ರಾಕ್ಸೈಡ್ ಉಳಿಯುತ್ತದೆ, ಲೀಟರಿಗೆ 0.1 ಮೋಲ್ ಇದ್ದರೆ ಪಿಎಚ್ ಸುಮಾರು 8.9. ಅಮೋನಿಯಂ ಕ್ಲೋರೈಡಿನಲ್ಲಿ ಅಮೋನಿಯಂ ನೀರಿಗೆ ಪ್ರೋಟಾನ್ ಕೊಡುತ್ತದೆ, ಅದೇ ಸಾಂದ್ರತೆಯಲ್ಲಿ ಪಿಎಚ್ ಸುಮಾರು 5.1. ಇವೆರಡೂ 7ರಿಂದ ಸುಮಾರು 1.9ರಷ್ಟೇ ದೂರ, ಒಂದು ಮೇಲೆ, ಒಂದು ಕೆಳಗೆ. ಅಸಿಟಿಕ್ ಆಮ್ಲದ ಪಿಕೆಎ ಮತ್ತು ಅಮೋನಿಯಾದ ಪಿಕೆಬಿ ಬಹುತೇಕ ಒಂದೇ ಆಗಿರುವುದರಿಂದ ಕನ್ನಡಿ ಹಿಡಿದ ಹಾಗೆ ಬಂದಿದೆ.

ಎಂಟನೇ ಹೆಜ್ಜೆ: ಜೋಡಿ ಒಟ್ಟಿಗೇ ಇದ್ದಾಗ

ಒಂದೇ ಪಾತ್ರೆಯಲ್ಲಿ ದುರ್ಬಲ ಆಮ್ಲವೂ, ಅದರ ಸಂಯುಗ್ಮಿ ಪ್ರತ್ಯಾಮ್ಲವೂ ಸಾಕಷ್ಟು ಇದ್ದರೆ ಅದನ್ನು ಬಫರ್ ಅನ್ನುತ್ತಾರೆ. ಹೊರಗಿನಿಂದ ಸ್ವಲ್ಪ ಆಮ್ಲ ಬಿದ್ದರೆ ಜೋಡಿಯ ಪ್ರತ್ಯಾಮ್ಲ ಅದನ್ನು ನುಂಗುತ್ತದೆ, ಪ್ರತ್ಯಾಮ್ಲ ಬಿದ್ದರೆ ಜೋಡಿಯ ಆಮ್ಲ ನುಂಗುತ್ತದೆ. ಪಿಎಚ್ ಅಷ್ಟಾಗಿ ಅಲುಗಾಡುವುದಿಲ್ಲ. ಲೆಕ್ಕ ಹೀಗೆ:

ಪಿಎಚ್ = ಪಿಕೆಎ + ಲಾಗ್ (ಸಂಯುಗ್ಮಿ ಪ್ರತ್ಯಾಮ್ಲ ÷ ಆಮ್ಲ)

ನಮ್ಮ ರಕ್ತವನ್ನೇ ತೆಗೆದುಕೊಳ್ಳಿ. ಅಲ್ಲಿ ಬೈಕಾರ್ಬನೇಟ್ ಸುಮಾರು 24 ಮಿಲಿಮೋಲ್, ಕರಗಿದ ಕಾರ್ಬನ್ ಡೈಆಕ್ಸೈಡ್ (ಇಲ್ಲಿ ಜೋಡಿಯ ಆಮ್ಲ ಅಂತ ಲೆಕ್ಕಕ್ಕೆ ಬರುವುದು ಇದೇ) ಸುಮಾರು 1.2 ಮಿಲಿಮೋಲ್, ಲೀಟರಿಗೆ. ಅನುಪಾತ 20. ಅದರ ಲಾಗ್ 1.3. ದೇಹದ ಉಷ್ಣತೆಯಲ್ಲಿ, ರಕ್ತದ ಮಟ್ಟಿಗೆ ಬಳಸುವ ಪಿಕೆಎ 6.1. ಕೂಡಿದರೆ 7.4. ಉಸಿರು ಬಿಟ್ಟಾಗ ಜೋಡಿಯ ಆಮ್ಲದ ಕಡೆ ಕಡಿಮೆಯಾಗುತ್ತದೆ, ಮೂತ್ರಪಿಂಡ ಬೈಕಾರ್ಬನೇಟಿನ ಕಡೆ ನೋಡಿಕೊಳ್ಳುತ್ತದೆ. ಈ ಸಾಲನ್ನು ಓದುವ ಹೊತ್ತಿನಲ್ಲೂ ನಿಮ್ಮೊಳಗೆ ಈ ಜೋಡಿ ಕೆಲಸ ಮಾಡುತ್ತಿದೆ.

ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಸೂಚಕಗಳೂ ಇಂಥ ಜೋಡಿಗಳೇ. ಫಿನಾಲ್ಫ್ಥಲೀನ್ ಪ್ರೋಟಾನ್ ಇದ್ದಾಗ ಬಣ್ಣವಿಲ್ಲದ್ದು. ಪಿಎಚ್ 8.2ರಿಂದ 10ರ ನಡುವೆ ಪ್ರೋಟಾನ್ ಬಿಡುತ್ತಾ ಗುಲಾಬಿಗೆ ತಿರುಗುತ್ತದೆ. ಟೈಟ್ರೇಷನ್ ಮಾಡುವಾಗ, ಅಂದರೆ ಆಮ್ಲಕ್ಕೆ ಪ್ರತ್ಯಾಮ್ಲವನ್ನು ಹನಿ ಹನಿಯಾಗಿ ಸೇರಿಸುವಾಗ, ಬಿದ್ದ ಹನಿಯ ಸುತ್ತ ಗುಲಾಬಿ ಮೂಡಿ, ಅಲ್ಲಾಡಿಸಿದರೆ ಮಾಯವಾಗುತ್ತದೆ ಅಲ್ವಾ? ಆ ಹನಿಯ ಹೈಡ್ರಾಕ್ಸೈಡ್ ಅಲ್ಲಿ ಕ್ಷಣಕಾಲ ಜಾಸ್ತಿ ಇತ್ತು, ಸೂಚಕ ಪ್ರೋಟಾನ್ ಬಿಟ್ಟಿತು, ಅಲ್ಲಾಡಿಸಿದಾಗ ಉಳಿದ ಆಮ್ಲದಿಂದ ಮತ್ತೆ ಪಡೆದುಕೊಂಡಿತು. ಜೋಡಿಯೊಂದು ಹಿಂದೆ ಮುಂದೆ ಹೋಗುವುದನ್ನು ಬರಿಗಣ್ಣಿಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗ ಅಪರೂಪ.

ಈಗ ನೀವೇ ಮಾಡಿ

ಉತ್ತರ ನೋಡದೆ ಮೊದಲು ಬರೆಯಿರಿ.

1. ಹೈಡ್ರೋಜನ್ ಫಾಸ್ಫೇಟ್, ಎಚ್‌ಪಿಓ₄²⁻. ಇದರ ಸಂಯುಗ್ಮಿ ಆಮ್ಲ ಯಾವುದು, ಸಂಯುಗ್ಮಿ ಪ್ರತ್ಯಾಮ್ಲ ಯಾವುದು?
2. ಮೀಥೈಲಮೀನ್, ಸಿಎಚ್₃ಎನ್‌ಎಚ್₂. ಸಂಯುಗ್ಮಿ ಆಮ್ಲ?
3. ಹೈಡ್ರಾಕ್ಸೈಡಿನ ಸಂಯುಗ್ಮಿ ಪ್ರತ್ಯಾಮ್ಲ?
4. ಬೈಕಾರ್ಬನೇಟಿಗೆ ಹೈಡ್ರಾಕ್ಸೈಡ್ ಸೇರಿಸಿದರೆ ಏನಾಗುತ್ತದೆ, ಯಾವ ದಿಕ್ಕಿಗೆ?
5. ಆರು ನೀರಿನ ಅಣುಗಳು ಸುತ್ತುವರಿದ ಕಬ್ಬಿಣದ ಪ್ಲಸ್ 3 ಅಯಾನಿನಲ್ಲಿ ಆಮ್ಲದ ಗುಣ ಇದೆ. ಅದರ ಸಂಯುಗ್ಮಿ ಪ್ರತ್ಯಾಮ್ಲ?

ಮೊದಲನೆಯದು: ಎಚ್ ಸೇರಿಸಿದರೆ ಚಾರ್ಜ್ ಮೈನಸ್ 2ರಿಂದ ಮೈನಸ್ 1, ಡೈಹೈಡ್ರೋಜನ್ ಫಾಸ್ಫೇಟ್. ತೆಗೆದರೆ ಮೈನಸ್ 3, ಫಾಸ್ಫೇಟ್. ತೆಗೆದಾಗ "ಮೈನಸ್ 1" ಅಂತ ಬರೆದಿದ್ದರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ, ಮೈನಸ್ 2ರಿಂದ ಇನ್ನೂ 1 ಇಳಿದರೆ ಮೈನಸ್ 3.

ಎರಡನೆಯದು: ಪ್ರೋಟಾನ್ ನೈಟ್ರೋಜನ್ನಿನ ಒಂಟಿ ಜೋಡಿಯ ಮೇಲೆ ಕೂರುತ್ತದೆ, ಸಿಎಚ್₃ಎನ್‌ಎಚ್₃⁺. ಕಾರ್ಬನ್ ಕಡೆ ಎಚ್ ಸೇರಿಸಿದ್ದರೆ ಅಲ್ಲಿ ಜಾಗವೇ ಇಲ್ಲ.

ಮೂರನೆಯದು: ಆಕ್ಸೈಡ್, ಓ²⁻. ಇದು ಎಷ್ಟು ಬಲವಾದ ಪ್ರತ್ಯಾಮ್ಲ ಅಂದರೆ ನೀರಿನಲ್ಲಿ ಉಳಿಯುವುದೇ ಇಲ್ಲ, ಸಿಕ್ಕ ನೀರಿನಿಂದ ಪ್ರೋಟಾನ್ ಕಿತ್ತುಕೊಂಡು ಎರಡು ಹೈಡ್ರಾಕ್ಸೈಡ್ ಆಗಿಬಿಡುತ್ತದೆ.

ನಾಲ್ಕನೆಯದು: ಬೈಕಾರ್ಬನೇಟ್ ಇಲ್ಲಿ ಆಮ್ಲ. ಕಾರ್ಬನೇಟ್ ಮತ್ತು ನೀರು ಬರುತ್ತವೆ. ಎಡಗಡೆಯ ಆಮ್ಲ 10.33, ಬಲಗಡೆಯ ಆಮ್ಲ ನೀರು 14. ವ್ಯತ್ಯಾಸ 3.67, ಸ್ಥಿರಾಂಕ ಸುಮಾರು 4,700. ಬಲಕ್ಕೆ.

ಐದನೆಯದು: ಪ್ರೋಟಾನ್ ಹೋಗುವುದು ಕಬ್ಬಿಣದಿಂದಲ್ಲ, ಅದಕ್ಕೆ ಅಂಟಿದ ಒಂದು ನೀರಿನ ಅಣುವಿನಿಂದ. ಕಬ್ಬಿಣದ ಪ್ಲಸ್ 3 ಚಾರ್ಜ್ ಆ ನೀರಿನ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದು ಪ್ರೋಟಾನನ್ನು ಸಡಿಲ ಮಾಡಿರುತ್ತದೆ. ಐದು ನೀರು ಹಾಗೇ ಉಳಿದು, ಆರನೆಯದು ಹೈಡ್ರಾಕ್ಸೈಡ್ ಆಗುತ್ತದೆ, ಒಟ್ಟು ಚಾರ್ಜ್ ಪ್ಲಸ್ 2. ಇದರ ಪಿಕೆಎ ಸುಮಾರು 2.2. ಏಣಿಯಲ್ಲಿ ಹುಡುಕಿದರೆ ಫಾಸ್ಫರಿಕ್ ಆಮ್ಲದ ಪಕ್ಕದಲ್ಲೇ ಅದರ ಜಾಗ, ಅಸಿಟಿಕ್ ಆಮ್ಲಕ್ಕಿಂತ ಎಷ್ಟೋ ಮೇಲೆ.